ಹಾಪ್ಸ್ ಘಮ: ಹಡಗಿನ ಪೀಪಾಯಿಯಿಂದ ತಮ್ಮನ ಅಡುಗೆಮನೆಗೆ

ಹೋದ ವಾರ ಲಕಮನಹಳ್ಳಿಯ ನಮ್ಮ ಮನೆಗೆ ಅಮೆರಿಕದಿಂದ ವಿಡಿಯೊ ಕಾಲ್ ಬಂತು. ಚಿಕ್ಕಪ್ಪನ ಮಗ. ಆ ದೇಶದಲ್ಲಿ 1978ರ ಕಾನೂನಿನ ನಂತರ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. "ಯಣ್ಣಾ, ಹಾಪ್ಸ್ ಹಾಕಿ ಒಂದ್ ತಾಸು ಕುದಿಸೀನಿ. ಕಹಿ ಬಂತು, ಘಮಾ ಮಾತ್ರ ಬರ್ಲಿಲ್ಲ. ಇಪ್ಪತ್ತು ಲೀಟರ್ ದಂಡ ಆತು" ಅಂದ. ಅದು ಏನೆಂದು ಗೊತ್ತಿಲ್ಲದ ನಮ್ಮವ್ವ ಪಕ್ಕದಿಂದಲೇ, "ಕೊತ್ತಂಬರಿ ಮೊದಲ ಹಾಕಿ ಸಾರು ಕುದಿಸಿದ್ರ ವಾಸನಿ ಉಳೀತದೇನೋ?" ಎಂದಳು.

ಅವ್ವ ಹೇಳಿದ್ದೇ ಸರಿ. ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂ. ಗಾಂಜಾ ಕುಟುಂಬದ್ದೇ ಆದರೂ ಆ ನಶೆ ಇದರಲ್ಲಿಲ್ಲ. ಹೂವಿನೊಳಗೆ ಹಳದಿ ಪುಡಿ ಇರುತ್ತದೆ. ಅದರ ಅಂಟು ಕುದ್ದಷ್ಟೂ ಕಹಿ ಕೊಡುತ್ತದೆ. ಅದರ ಎಣ್ಣೆಯೇ ಘಮ, ಅದು ಹಬೆಯ ಜೊತೆ ಹಾರಿಹೋಗುತ್ತದೆ.

ಇದಕ್ಕೊಂದು ಹಳೆಯ ದಾರಿ ನಮ್ಮ ದೇಶಕ್ಕೆ ಬರುತ್ತಿದ್ದ ಹಡಗುಗಳಲ್ಲೇ ಇತ್ತು. 18ನೇ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯ ಬಿಯರ್ ಆಫ್ರಿಕಾ ಸುತ್ತಿಕೊಂಡು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಸಾಗಿ ಇಲ್ಲಿಗೆ ಬರುತ್ತಿತ್ತು. ಹುಳಿಯಾಗದಿರಲಿ ಎಂದು ಹಾಪ್ಸ್ ಹೆಚ್ಚು ಹಾಕುತ್ತಿದ್ದರು. ಅದು ಕೆಡಿಸುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಪೀಪಾಯಿಗೆ ಬೆಣೆ ಹೊಡೆಯುವ ಮೊದಲು ಒಂದಿಷ್ಟು ಒಣ ಹಾಪ್ಸನ್ನೂ ತಣ್ಣಗಿನ ಬಿಯರಿಗೆ ಸೇರಿಸುತ್ತಿದ್ದರು. ಬೆಂಕಿ ತಾಗದ್ದರಿಂದ ಘಮ ಉಳಿಯುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಕಂಪನಿಯೂ ಪೈಪೋಟಿಗೆ ಇಳಿಯಿತು. ಮುಂದೆ ಇದಕ್ಕೆ 'ಇಂಡಿಯಾ ಪೇಲ್ ಏಲ್' ಎಂಬ ಹೆಸರು ನಿಂತಿತು. ಧಾರವಾಡ ಕಂಪನಿ ಸರ್ಕಾರದ ಕೈಗೆ ಹೋದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ, 1818ರಲ್ಲಿ.

ಇದನ್ನು ಸೈನಿಕರಿಗೆಂದೇ ಕಂಡುಹಿಡಿದರು ಅನ್ನೋ ಕಥೆಯನ್ನು ನಾನು ಒಪ್ಪುವುದಿಲ್ಲ. ಇಂಥ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಸಿಪಾಯಿ ಕುಡಿದದ್ದು ಹೆಚ್ಚಾಗಿ ಕಪ್ಪು ಪೋರ್ಟರ್. ಘಮದ ಬಿಯರ್ ಹೋದದ್ದು ಸಾಹೇಬರ ಮೇಜಿಗೆ.

ಆಮೇಲೆ ಇಲ್ಲೇ ಬ್ರೂವರಿಗಳು ಎದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆದರೆ ಹಾಪ್ಸ್ ಬಳ್ಳಿ ನಮ್ಮ ಎರೆಹೊಲಕ್ಕೆ ಬರಲಿಲ್ಲ. ಚೆನ್ನಾಗಿ ಹೂ ಬಿಡಲು ಅದಕ್ಕೆ ಬೇಸಿಗೆಯ ಉದ್ದ ಹಗಲು ಬೇಕು. ನಮ್ಮಲ್ಲಿ ಅತಿ ಉದ್ದದ ಹಗಲು ಸುಮಾರು 13 ತಾಸು, ಅಷ್ಟೇ. ಭಾರತದಲ್ಲಿ ಅದನ್ನು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ.

ವಿಡಿಯೊ ನೋಡಿ ಇಲ್ಲಿ ಯಾರೂ ಕೊಡ ಇಡಬೇಡ್ರಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ.

ತಮ್ಮನಿಗೆ ಇಷ್ಟು ಹೇಳಿದೆ: ಕಹಿಗೆ ಬೇಕಾದಷ್ಟೇ ಮೊದಲು ಹಾಕು, ಉಳಿದದ್ದನ್ನು ಒಲೆ ಆರಿಸಿದ ಮೇಲೆ. ಹುಳಿಯೋದು ನಿಂತ ಬಳಿಕ ಇನ್ನೊಂದು ಹಿಡಿ ಒಣ ಹಾಪ್ಸ್, ಮೂರ್ನಾಲ್ಕು ದಿನ. ಗಾಳಿ ತಾಗಿಸಬೇಡ. ಉಳಿದ ಪೊಟ್ಟಣ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡು. ಅವನು ಪೊಟ್ಟಣ ತಂದು ಮೂಸಿದ. "ಯಣ್ಣಾ, ಇದು ಹಳೇ ಚೀಸ್ ನಾತ ಹೊಡ್ಯಾಕತ್ತೈತಿ!" ಎಂಟು ತಿಂಗಳಿಂದ ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದನಂತೆ.