ಸ್ಯಾಲೆಟ್ ಶಿರಸ್ತ್ರಾಣದ ಪ್ರತಿಕೃತಿ

ಸ್ಯಾಲೆಟ್ ಎಂಬುದು 15ನೆಯ ಶತಮಾನದ ಯುರೋಪಿನ ಉಕ್ಕಿನ ಶಿರಸ್ತ್ರಾಣ. ಇಟಲಿಯಲ್ಲಿ ಹುಟ್ಟಿ ಜರ್ಮನ್ ನಾಡುಗಳಿಗೂ ಇಂಗ್ಲೆಂಡಿಗೂ ಹರಡಿತು. ನೈಟ್‌ಗಳೂ ತೊಟ್ಟರು, ಬಿಲ್ಲಾಳುಗಳೂ ತೊಟ್ಟರು. ತಲೆಗೆ ದುಂಡನೆಯ ಹೊದಿಕೆ, ಕುತ್ತಿಗೆಯ ಹಿಂದೆ ಬಾಲದಂತೆ ಚಾಚಿದ ಅಂಚು, ಕಣ್ಣಿನ ನೇರಕ್ಕೆ ಕಿರಿದಾದ ಅಡ್ಡಸೀಳು. ಗಲ್ಲ, ಗಂಟಲು ಕಾಯಲು ಬೆವರ್ ಎಂಬ ಬೇರೆಯೇ ತುಂಡನ್ನು ಕಟ್ಟಿಕೊಳ್ಳುತ್ತಿದ್ದರು. ಇದನ್ನೇ ಇಂದಿನವರ ತಲೆಗೆ ಹೊಂದುವಂತೆ ಹೊಸದಾಗಿ ಮಾಡಿದರೆ ಅದು ತೊಡುವ ಪ್ರತಿಕೃತಿ. ಗೋಡೆಗೆ ತೂಗುಹಾಕುವ ಅಲಂಕಾರದ ತಗಡಲ್ಲ.

ಮೂಲ ಶಿರಸ್ತ್ರಾಣಗಳನ್ನು ಈಗ ಯಾರೂ ತೊಡುವಂತಿಲ್ಲ. ಹಿಂದೆ ಇಷ್ಟು ಎಚ್ಚರವಿರಲಿಲ್ಲ. ಸುಮಾರು 1460ರ ಕವೆಂಟ್ರಿ ಸ್ಯಾಲೆಟ್, 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕವೆಂಟ್ರಿ ಊರಿನ ಗೊಡೈವಾ ಎಂಬ ಮೆರವಣಿಗೆಗೆ ವೇಷದ ಸಾಮಾನಾಗಿ ಬಳಕೆಯಾಗಿತ್ತು. ಈಗ ಅದು ಅಲ್ಲಿನ ಹರ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಮಧ್ಯಯುಗದ ಕವಚಗಾರ ಲೋಹವನ್ನು ಕಾಯಿಸಿ, ಸುತ್ತಿಗೆಯಿಂದ ಬಡಿದು ಬಡಿದು ಬಟ್ಟಲಾಗಿಸುತ್ತಿದ್ದ. ಕಾಳಗದಲ್ಲಿ ಹೊಡೆತ ಬೀಳುವ ಕಡೆ ದಪ್ಪ, ಉಳಿದೆಡೆ ತೆಳು. ಇಂದಿನ ಎಷ್ಟೋ ಪ್ರತಿಕೃತಿಗಳು ಕಾರ್ಖಾನೆಯ ಮೈಲ್ಡ್ ಸ್ಟೀಲ್ ತಗಡಿನವು: ಎರಡು ಹೋಳು ಮಾಡಿ, ನಡುನೆತ್ತಿಯಲ್ಲಿ ಬೆಸೆದು, ಗೆರೆ ಕಾಣದಂತೆ ಉಜ್ಜುತ್ತಾರೆ. ನೋಟಕ್ಕೆ ಮೂಲದಂತೆಯೇ ಇದ್ದರೂ ತಲೆಯ ಮೇಲೆ ತೂಕ ಕೂರುವ ರೀತಿ ಬೇರೆ. ಬೆತ್ತದ ಆಯುಧ ಹಿಡಿದು ಕಾದಾಡುವ ಅಮೆರಿಕದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ (ಸ್ಥಾಪನೆ 1966) ಶಿರಸ್ತ್ರಾಣಕ್ಕೆ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ಉಕ್ಕಾದರೂ ಇರಬೇಕೆನ್ನುತ್ತದೆ. ಪ್ರತಿಕೃತಿ ಮಾಡುವ ಕಸುಬಿನಲ್ಲಿ ಭಾರತಕ್ಕೂ ಪಾಲಿದೆ. 1943ರಲ್ಲಿ ಶುರುವಾದ ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಯುರೋಪಿನ ಕತ್ತಿ, ಕವಚಗಳ ಪ್ರತಿಕೃತಿ ಮಾಡಿ ಹೊರದೇಶಗಳಿಗೆ ಕಳಿಸುತ್ತದೆ.

ಕೊಳ್ಳುವವರು ಹೊರಗಿನ ಹೊಳಪು ನೋಡುತ್ತಾರೆ. ನೋಡಬೇಕಾದ್ದು ಒಳಗಿನ ಅಸ್ತರು. ಲಿನನ್ ಬಟ್ಟೆಯ ನಡುವೆ ಉಣ್ಣೆಯನ್ನೋ ನಾರನ್ನೋ ತುಂಬಿ ಹೊಲಿದ ಈ ಮೆತ್ತೆಯನ್ನು ರಿವೆಟ್ ಹೊಡೆದ ಪಟ್ಟಿಗೆ ಹೊಲಿಯುತ್ತಾರೆ. ಉಕ್ಕು ತಲೆಗೆ ತಾಗದೆ ಇದರ ಮೇಲೆ ತೂಗುತ್ತದೆ, ಹೊಡೆತದ ಬಲ ಇಲ್ಲಿ ಹಂಚಿಹೋಗುತ್ತದೆ. ಅಸ್ತರು ಸಡಿಲವಾದರೆ ತಲೆ ತಿರುಗಿಸಿದಾಗ ಶಿರಸ್ತ್ರಾಣ ಹಿಂದುಳಿದು ಕಣ್ಣಿನ ಸೀಳು ಪಕ್ಕಕ್ಕೆ ಸರಿಯುತ್ತದೆ, ಯೋಧ ಕುರುಡಾಗುತ್ತಾನೆ. ಶತಮಾನಗಳಲ್ಲಿ ಬಟ್ಟೆ ಕೊಳೆತುಹೋಗಿ ಮೂಲ ಅಸ್ತರುಗಳು ತೀರ ವಿರಳವಾಗಿ ಉಳಿದಿರುವುದರಿಂದ, ಇದನ್ನೆಲ್ಲ ತೊಟ್ಟೇ ಕಲಿಯಬೇಕಾಗಿದೆ.

ವಿಜ್ಞಾನಿಗಳೂ ಆ ದಾರಿ ಹಿಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು 15ನೆಯ ಶತಮಾನದ ಕವಚಗಳ ಪ್ರತಿಕೃತಿ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿದರು. 30ರಿಂದ 50 ಕಿಲೋ ತೂಗುವ ಆ ಕವಚಗಳಲ್ಲಿ ನಡೆಯಲು ಕವಚವಿಲ್ಲದೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಯಿತು.

ಪ್ರತಿಕೃತಿಗೂ ಆರೈಕೆ ಬೇಕು. ಬೆವರಿನ ಉಪ್ಪು ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತದೆ. ಕಳಚಿದ ಕೂಡಲೇ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು, ಅಸ್ತರನ್ನು ಗಾಳಿಗೆ ಒಡ್ಡಿ ಪೂರ್ತಿ ಒಣಗಿಸಬೇಕು.