ಹೆಸರಿದ್ದವರಿಗೆ ಮಾತ್ರ ದಂಡ

ಮಸ್ಕಿ ಅಂದ ಕೂಡಲೇ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಓದಿದ ಎಲ್ಲರಿಗೂ ನೆನಪಾಗೋದು ಒಂದೇ ಉತ್ತರ: ಅಶೋಕನ ಹೆಸರು ಸಿಕ್ಕ ಶಾಸನ. ಒಂದು ಮಾರ್ಕಿನ ಪ್ರಶ್ನೆ. ನನಗೆ ಮಾತ್ರ ಹೋದ ಮಾರ್ಚ್‌ನಿಂದ ಮಸ್ಕಿ ಅಂದ್ರೆ ಒಂದು ಪ್ಲಾಸ್ಟಿಕ್ ಮುಚ್ಚಳ ನೆನಪಾಗುತ್ತೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದು.

ಶಾಸನ ನೋಡಿಕೊಂಡು ಗುಡ್ಡ ಇಳಿದು ಬಂದಿದ್ದೆ. ಬೈಕಿನ ಕ್ಲಚ್ ಕೇಬಲ್ ಕೈಕೊಟ್ಟಿತ್ತು. ಸಿಂಧನೂರು ರಸ್ತೆಯಲ್ಲಿ ಬೋರ್ಡೇ ಇಲ್ಲದ ಒಂದು ರಿಪೇರಿ ಅಂಗಡಿ ಸಿಕ್ಕಿತು. ‘ಸ್ವಲ್ಪ ಕುಂದ್ರಿ ಸರ್, ಈ ಗಿಡ ಕಡಿಯೋ ಮಷಿನ್ ಮುಗಿಸಿ ನಿಮ್ದು ಹಿಡೀತೀನಿ’ ಅಂದ ಮೆಕ್ಯಾನಿಕ್. ಆ ಕಡೆ ಮರಕ್ಕೂ ಗಿಡ ಅಂತಲೇ ಅನ್ನೋದು. ಗಿಡ ಕಡಿಯೋ ಮಷಿನ್ ಅಂದ್ರೆ ಚೈನ್ ಸಾ. ಅದರ ಕಾರ್ಬೊರೇಟರಿನ ಸ್ಕ್ರೂ ಮೇಲೆ ಕೂತಿದ್ದ ಆ ಮುಚ್ಚಳವನ್ನ ಒಂದು ಚೂಪು ಮೊಳೆಯಿಂದ ಕಿತ್ತು ಬಿಸಾಕಿ, ಸ್ಕ್ರೂವನ್ನ ಅರ್ಧ ಸುತ್ತು ತಿರುಗಿಸಿದ.

‘ಡೀಲರ್ ಕಡೆ ಹೋದ್ರ ಇದನ್ನ ಮುಟ್ಟಂಗಿಲ್ಲ ಅಂತಾರ್ರಿ. ನಾ ಮುಟ್ತೀನಿ. ನಂದೇನ್ ಬೋರ್ಡ್ ಐತ್ರಿ?’

ಮಷಿನ್ ತಂದಿದ್ದವನು ಪಕ್ಕದಲ್ಲೇ ನಿಂತಿದ್ದ, ಹೆಗಲ ಮೇಲೆ ಟವೆಲ್. ಕಾಲುವೆ ಬದಿಯ ಜಾಲಿ ಕಡಿಯೋದು ಅವನ ಕೆಲಸ. ಸ್ಟಾರ್ಟ್ ಆದಾಗ ಬಂದ ನೀಲಿ ಹೊಗೆಗೆ ಮೂವರೂ ಕೆಮ್ಮಿದ್ವಿ.

ಊರಿಗೆ ಬಂದ ಮೇಲೆ ಆ ಮುಚ್ಚಳದ ಚರಿತ್ರೆ ಹುಡುಕಿದೆ. ಇಷ್ಟುದ್ದ ಇರುತ್ತೆ ಅಂದುಕೊಂಡಿರಲಿಲ್ಲ.

ಮೊದಲು ಗರಗಸದ ಕಥೆ. ಸರಪಳಿಗೆ ಹಲ್ಲು ಕೂರಿಸುವ ಐಡಿಯಾ ಹುಟ್ಟಿದ್ದು ಕಾಡಿನಲ್ಲಲ್ಲ, ಆಸ್ಪತ್ರೆಯಲ್ಲಿ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ, ಮೂಳೆ ಕೊಯ್ಯೋಕೆ ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸ ಬಳಸಿದರು. ಮರಕ್ಕೆ ಅದು ಬಂದಿದ್ದು ಬಹಳ ತಡವಾಗಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಮಾಡಿದ. ಆ ಪೆಟ್ರೋಲ್ ಮಷಿನ್ ಎತ್ತಲು ಇಬ್ಬರು ಬೇಕಿತ್ತು. ಒಬ್ಬನೇ ಹಿಡಿಯುವಂಥದ್ದು ಆ ಕಂಪನಿಯಿಂದ ಬಂದಿದ್ದು 1950ರಲ್ಲಿ. ಈಗಿನ ಸರಪಳಿಯ ಹಲ್ಲಿನ ಆಕಾರ ಕೊಟ್ಟವನು ಅಮೆರಿಕದ ಒರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯುವವನು. ಮರ ಕೊರೆಯುತ್ತಿದ್ದ ಹುಳುವಿನ ದವಡೆ ನೋಡಿ ಅದೇ ಆಕಾರದಲ್ಲಿ ಹಲ್ಲು ಮಾಡಿ, 1947ರಲ್ಲಿ ಕಂಪನಿ ಕಟ್ಟಿದ. ಅಂದ್ರೆ ಈ ಮಷಿನ್ ಬೆಳೆದಿದ್ದೇ ಬಳಸುವವರು ತಿದ್ದುತ್ತಾ ತಿದ್ದುತ್ತಾ.

ತಿದ್ದೋದು ತಪ್ಪಾಗಿದ್ದು ಯಾವಾಗ?

ಚೈನ್ ಸಾದಲ್ಲಿರೋದು ಟೂ ಸ್ಟ್ರೋಕ್ ಎಂಜಿನ್. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯ ಯೆಜ್ಡಿಯಲ್ಲಿ, ನಿಮ್ಮ ಚಿಕ್ಕಪ್ಪನ ಆರ್‌ಎಕ್ಸ್ ನೂರರಲ್ಲಿ ಇದ್ದಿದ್ದೂ ಇದೇ ಜಾತಿ. ಹಗುರ, ಸರಳ, ತಲೆಕೆಳಗೆ ಹಿಡಿದರೂ ಓಡುತ್ತೆ. ಆದರೆ ಒಂದು ಹುಟ್ಟುಗುಣ ಇದೆ. ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರೋದರಿಂದ, ಹಳೆಯ ವಿನ್ಯಾಸದಲ್ಲಿ ಸುಮಾರು ಕಾಲು ಭಾಗ ಪೆಟ್ರೋಲ್ ಸುಡದೇ ಸೀದಾ ಹೊರಗೆ. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ಗಾಳಿಗೆ. ಆ ಗಾಳಿಯನ್ನ ಮೊದಲು ಕುಡಿಯೋದು ಮಷಿನ್ ಹಿಡಿದವನು.

ಅಮೆರಿಕದ ಕ್ಯಾಲಿಫೋರ್ನಿಯಾ 1990ರಲ್ಲಿ ಇಂಥ ಸಣ್ಣ ಎಂಜಿನ್‌ಗಳಿಗೂ ಹೊಗೆ ನಿಯಮ ಮಾಡಿತು. ಅದು ಜಾರಿಯಾಗಿದ್ದು 1995ರಿಂದ, ಇಡೀ ಅಮೆರಿಕಕ್ಕೆ ಬಂದಿದ್ದು 1997ರಲ್ಲಿ. ಕಂಪನಿಗಳು ಎಂಜಿನ್ ಒಳಗಿನ ದಾರಿಗಳನ್ನ ಬದಲಿಸಿದವು, ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ ಅನ್ನುವಂತೆ ಕಾರ್ಬೊರೇಟರ್ ಹೊಂದಿಸಿದವು. ಆಮೇಲೆ ಯಾರೂ ಬಹಳ ತಿರುಗಿಸದಿರಲಿ ಅಂತ ಸ್ಕ್ರೂಗಳ ಮೇಲೆ ಆ ಮುಚ್ಚಳ ಕೂರಿಸಿದವು. ಸ್ಕ್ರೂ ಸ್ವಲ್ಪವೇ ತಿರುಗುತ್ತೆ, ಅದರಾಚೆ ತಡೆ. ಈಗಿನ ದುಬಾರಿ ಮಾದರಿಗಳಲ್ಲಿ ಸ್ಕ್ರೂಗಳೇ ಇಲ್ಲ. ಒಳಗಿನ ಚಿಪ್ ಮಿಶ್ರಣ ನೋಡಿಕೊಳ್ಳುತ್ತೆ, ಪೂರ್ತಿ ಪರೀಕ್ಷೆ ಮಾಡಬೇಕಂದ್ರೆ ಡೀಲರ್ ಹತ್ತಿರದ ಸಾಫ್ಟ್‌ವೇರ್ ಬೇಕು.

ನಿಯಮದ ಜೊತೆಗೇ ಅದನ್ನ ಮುರಿಯೋ ಕಲೆಯೂ ಬೆಳೀತು. ಮುಚ್ಚಳ ಕೀಳೋದು, ಸೈಲೆನ್ಸರಿಗೆ ಇನ್ನೊಂದು ತೂತು ಹೊಡೆಯೋದು, ಸಿಲಿಂಡರಿನ ಕಿಂಡಿಗಳನ್ನ ಉಜ್ಜಿ ಅಗಲ ಮಾಡೋದು. ಮಷಿನ್ ಜೋರಾಗುತ್ತೆ, ನಿಜ. ಹೊಗೆಯೂ ಸದ್ದೂ ಜೋರಾಗುತ್ತವೆ.

ಇನ್ನು ಡೀಲರ್ ವಿಷಯ. ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಇತಿಹಾಸ ಇಲ್ಲಿ ಸ್ವಾರಸ್ಯವಾಗಿದೆ. ಹೊಗೆ ತಡೆಯುವ ಭಾಗಗಳನ್ನ ಬಿಚ್ಚಬಾರದು ಅನ್ನೋ ನಿಷೇಧ 1970ರಲ್ಲಿ ಬಂದಾಗ ಅದು ಅನ್ವಯಿಸಿದ್ದು ತಯಾರಕರಿಗೆ ಮತ್ತು ಡೀಲರ್‌ಗಳಿಗೆ ಮಾತ್ರ. 1977ರಲ್ಲಿ ರಿಪೇರಿ ಅಂಗಡಿಗಳನ್ನ ಸೇರಿಸಿದರು. ‘ಯಾರೇ ಆಗಲಿ’ ಅಂತ ಮಾಲೀಕನನ್ನೂ ಒಳಗೆ ತಂದಿದ್ದು 1990ರಲ್ಲಿ. ಆಗಲೂ ದಂಡ ಒಂದೇ ಅಲ್ಲ: ತಯಾರಕ ಅಥವಾ ಡೀಲರ್ ಆದರೆ 25,000 ಡಾಲರ್ ತನಕ, ಉಳಿದವರಿಗೆ 2,500. ಹತ್ತು ಪಟ್ಟು ವ್ಯತ್ಯಾಸ.

ನಮ್ಮಲ್ಲೂ ಇದೇ ಲೆಕ್ಕ. ಮೋಟಾರು ವಾಹನ ಕಾಯಿದೆ 1988ರ 52ನೇ ಸೆಕ್ಷನ್, ಗಾಡಿಯನ್ನ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವಂತೆ ಬದಲಿಸಬೇಡಿ ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ನಿಯಮ ಮೀರಿ ಗಾಡಿ ಬದಲಿಸಿದ ತಯಾರಕ, ಆಮದುದಾರ, ಡೀಲರ್‌ಗೆ ಪ್ರತಿ ಗಾಡಿಗೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಅದೇ ಕೆಲಸ ಮಾಲೀಕ ಮಾಡಿಕೊಂಡರೆ ಪ್ರತಿ ಬದಲಾವಣೆಗೆ 5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು. ಮಾಡಿಫೈ ಮಾಡಿದ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ಫಾರ್ವರ್ಡ್ ಮಾಡಿರ್ತೀರಿ.

ಆದರೆ ಗರಗಸಕ್ಕೆ ನಂಬರ್ ಪ್ಲೇಟ್ ಇಲ್ಲ. ಮೋಟಾರು ವಾಹನ ಕಾಯಿದೆ ಅದನ್ನ ಮುಟ್ಟಲ್ಲ. ಇನ್ನು ಅದು ಕಡಿಯೋ ಮರ? ಬಳ್ಳಾರಿ ಜಾಲಿ ಈ ದೇಶದ್ದೇ ಅಲ್ಲ. ಬ್ರಿಟಿಷ್ ಅರಣ್ಯಾಧಿಕಾರಿಗಳು 1870ರ ದಶಕದಲ್ಲಿ ಬರಡು ನೆಲ ಹಸಿರಾಗಲಿ, ಸೌದೆ ಸಿಗಲಿ ಅಂತ ಅಮೆರಿಕ ಖಂಡದ ಕಡೆಯಿಂದ ಬೀಜ ತರಿಸಿದ್ದು. ಅದು ಹಸಿರಾಗಿದ್ದು ಸಾಲದೆ ಹೊಲ, ಕೆರೆ, ಕಾಲುವೆ ಎಲ್ಲ ನುಂಗಿತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರ ಪ್ರಕಾರ ಮರ ಕಡಿಯೋಕೆ ಅನುಮತಿ ಬೇಕು, ಆದರೆ ನೀಲಗಿರಿ, ಸಿಲ್ವರ್ ಓಕ್‌ಗಳ ಜೊತೆ ವಿನಾಯಿತಿ ಪಟ್ಟಿಯಲ್ಲಿ ಈ ಜಾಲಿಯೂ ಇದೆ. ಹಾಗಾಗಿ ಮಸ್ಕಿಯ ಆ ಟವೆಲ್‌ನವನ ಕೆಲಸಕ್ಕೆ ನಿಯಮ ಎದುರಾಗೋದು ಒಂದೇ ಕಡೆ, ಡೀಲರ್‌ನ ಕೌಂಟರಿನಲ್ಲಿ. ಅದೂ ಸರ್ಕಾರದ ನಿಯಮ ಅಲ್ಲ. ಎಲ್ಲೋ ಇನ್ನೊಂದು ಖಂಡದ ಹೊಗೆಗೆ ಮಾಡಿದ ಕಾನೂನು, ಕಂಪನಿಯ ಸರ್ವಿಸ್ ಪುಸ್ತಕದ ಮೂಲಕ, ‘ವಾರಂಟಿ ಹೋಗುತ್ತೆ’ ಅನ್ನೋ ಮಾತಾಗಿ ಬಂದು ಕೂತಿರುತ್ತೆ.

ಈಗ ಮೆಕ್ಯಾನಿಕ್ ಮಾಡಿದ್ದು ತಪ್ಪಾ? ಇಲ್ಲೊಂದು ತಿರುವಿದೆ. ನಮ್ಮ ಬಂಕುಗಳಲ್ಲಿ ಈಗ ಸಿಗೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ, ಅದೇ ಸೆಟ್ಟಿಂಗಿನಲ್ಲಿ ಮಿಶ್ರಣ ಇನ್ನೂ ತೆಳುವಾಗುತ್ತೆ. ತೆಳುವಾದರೆ ಎಂಜಿನ್ ಕಾಯುತ್ತೆ, ಮಾರ್ಚ್ ತಿಂಗಳ ರಾಯಚೂರು ಬಿಸಿಲಿನಲ್ಲಂತೂ ಕೇಳಲೇಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತೆ. ಇಂಥ ಎಷ್ಟೋ ಮಷಿನ್‌ಗಳ ಪುಸ್ತಕದಲ್ಲಿ ಎಥನಾಲ್ ಶೇ. 10 ದಾಟಬಾರದು ಅಂತ ಬರೆದಿರುತ್ತೆ. ಅಂದ ಮೇಲೆ ಸ್ಕ್ರೂವನ್ನ ಮುಚ್ಚಳದ ಆಚೆಗೆ ತಿರುಗಿಸೋದು ಶೋಕಿ ಅಲ್ಲ, ಮಷಿನ್ ಉಳಿಸಿಕೊಳ್ಳೋ ದಾರಿ. ಡೀಲರ್ ಮುಟ್ಟದೇ ಕಳಿಸಿದರೆ ಮುಂದಿನ ತಿಂಗಳು ಅದೇ ಡೀಲರ್‌ಗೆ ಹೊಸ ಪಿಸ್ಟನ್ ವ್ಯಾಪಾರ.

ಅಮೆರಿಕದ ನಿಯಮದಲ್ಲೂ ಇದಕ್ಕೊಂದು ಸಂದು ಇದೆ: ರಿಪೇರಿಗೆ ಬೇಕಾದರೆ ಬಿಚ್ಚಬಹುದು, ಮುಗಿದ ಮೇಲೆ ಮೊದಲಿನಂತೆ ಸರಿಯಾಗಿ ಕೂರಿಸಬೇಕು. ರಿಪೇರಿ ಬೇರೆ, ಕೆಡಿಸೋದು ಬೇರೆ. ಆದರೆ ಈ ವ್ಯತ್ಯಾಸ ಮಾಡೋಕೆ ಮಾಹಿತಿ ಬೇಕು, ಸಾಮಾನು ಬೇಕು. ಅದು ಇರೋದು ಬೋರ್ಡ್ ಇದ್ದವನ ಹತ್ತಿರ. ಬೋರ್ಡ್ ಇಲ್ಲದವನು ಎಂಜಿನ್ ಸದ್ದು ಕೇಳಿ ಅಂದಾಜಿನಲ್ಲಿ ತಿರುಗಿಸ್ತಾನೆ.

ಈ ಜಗಳ ನಮ್ಮಲ್ಲಿ ಮೊದಲು ದೊಡ್ಡದಾಗಿ ಕೇಳಿಸಿದ್ದು ಕಾರುಗಳ ವಿಷಯದಲ್ಲಿ. ಬಿಡಿ ಭಾಗ ಮತ್ತು ಪರೀಕ್ಷಾ ಸಾಧನಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆ ಮೊತ್ತ ಮೇಲ್ಮನವಿಗಳ ಸುಳಿಗೆ ಸಿಕ್ಕಿತು ಅನ್ನೋದು ಬೇರೆ ಮಾತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗೆ ಸಮಿತಿ ಮಾಡಿತು. ಮೊಬೈಲ್, ಕಾರು, ಗೃಹೋಪಯೋಗಿ ವಸ್ತುಗಳ ಜೊತೆ ಕೃಷಿ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿದ್ದರು. ಒಳ್ಳೇದೇ. ಆದರೆ ಆ ಹಕ್ಕು ನಾವು ಲ್ಯಾಪ್‌ಟಾಪ್ ಬ್ಯಾಟರಿ ಬದಲಿಸಿಕೊಳ್ಳೋಕೆ ಮಾತ್ರ ಅಂದುಕೊಂಡರೆ ಮಸ್ಕಿ ತನಕ ಮುಟ್ಟಲ್ಲ.

ಹಾಗಂತ ಮೆಕ್ಯಾನಿಕ್‌ನನ್ನ ಹೀರೋ ಮಾಡೋಕೂ ನನಗೆ ಮನಸ್ಸಿಲ್ಲ. ಅವತ್ತು ಅವನು ಇನ್ನೊಂದು ಕೆಲಸ ಮಾಡಿದ. ಸೈಲೆನ್ಸರ್ ಬಿಚ್ಚಿ, ಒಳಗಿದ್ದ ಮಸಿ ಕಟ್ಟಿದ ಸಣ್ಣ ತಂತಿ ಜಾಲರಿ ತೆಗೆದು ಪಕ್ಕಕ್ಕಿಟ್ಟ. ‘ಇದು ಉಸಿರು ಕಟ್ಟಿಸ್ತೈತ್ರಿ’ ಅಂದ. ಮಸಿ ಒರೆಸಿ ವಾಪಸ್ ಹಾಕಿದ್ದರೆ ಅದು ರಿಪೇರಿ. ತೆಗೆದಿಟ್ಟಿದ್ದು ರಿಪೇರಿ ಅಲ್ಲ. ಆ ಜಾಲರಿ ಇರೋದು ಕಿಡಿ ಹೊರಗೆ ಹಾರದಿರಲಿ ಅಂತ. ಕೆಳಗೆ ಒಣಹುಲ್ಲು, ಸುತ್ತ ಒಣಗಿದ ಜಾಲಿ. ಒಂದು ಕಿಡಿ ಸಾಕು.

ಇಲ್ಲಿ ನನಗೆ ಗುಡ್ಡದ ಮೇಲಿನ ಶಾಸನ ಮತ್ತೆ ನೆನಪಾಯ್ತು. ಅಶೋಕನ ಐದನೇ ಸ್ತಂಭ ಶಾಸನದಲ್ಲಿ ಕಾಡನ್ನ ಸುಮ್ಮನೆ ಸುಡಬಾರದು ಅನ್ನೋ ಆಜ್ಞೆ ಇದೆ. ಅದು ಉತ್ತರ ಭಾರತದ ಕಂಬಗಳ ಮೇಲಿರೋದು, ಮಸ್ಕಿಯಲ್ಲಿ ಅಲ್ಲ. ಆ ಕಂಬಗಳಲ್ಲಿ ರಾಜನ ಹೆಸರಿಲ್ಲ, ‘ದೇವರಿಗೆ ಪ್ರಿಯನಾದ’ ಅನ್ನೋ ಬಿರುದು, ಪ್ರಿಯದರ್ಶಿ ಅನ್ನೋ ಉಪನಾಮ ಅಷ್ಟೇ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದ ಮೇಲೂ, ಇದು ಯಾರ ಆಜ್ಞೆ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಗೋಕೆ ಸುಮಾರು ಎಂಬತ್ತು ವರ್ಷ ಬೇಕಾಯ್ತು. 1915ರಲ್ಲಿ ನಿಜಾಮರ ರಾಜ್ಯದ ಈ ಮೂಲೆಯಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅಲ್ಲಿ ಹೆಸರಿತ್ತು: ಅಶೋಕ. ಆ ಹೆಸರು ಸಿಕ್ಕ ಮೇಲೆ ದೇಶದ ತುಂಬ ಚದುರಿದ್ದ ಆಜ್ಞೆಗಳಿಗೆಲ್ಲ ಒಬ್ಬ ಗೊತ್ತಾದ ಹೊಣೆಗಾರ ಸಿಕ್ಕ.

ಕಾನೂನಿಗೂ ಹೆಸರೇ ಬೇಕು. ಬೋರ್ಡಿದೆ, ಬಿಲ್ಲಿದೆ ಅಂತ ಡೀಲರ್‌ನನ್ನ ಹಿಡಿಯುತ್ತೆ. ಅವನು ಹೆದರಿ ಕೈ ಮೇಲೆತ್ತುತ್ತಾನೆ. ಕೆಲಸ ಬೋರ್ಡಿಲ್ಲದ ಅಂಗಡಿಗೆ ಹೋಗುತ್ತೆ. ಅಲ್ಲಿ ಬೇಕಾದ ತಿದ್ದುಪಡಿ, ಬೇಡದ ತಿದ್ದುಪಡಿ ಎರಡೂ ಒಂದೇ ಕೈಯಲ್ಲಿ ಆಗುತ್ತೆ. ಸರ್ವಿಸ್ ಪುಸ್ತಕವನ್ನ ಕನ್ನಡದಲ್ಲಿ ಕೊಟ್ಟು, ಜಾಲರಿಯನ್ನ ಅಗ್ಗಕ್ಕೆ ಸಿಗೋ ಹಾಗೆ ಮಾಡಿ, ‘ಇದನ್ನ ತಿರುಗಿಸು, ಇದನ್ನ ಮಾತ್ರ ತೆಗೀಬೇಡ’ ಅಂತ ಆ ಅಂಗಡಿಗೂ ಹೇಳಿಕೊಟ್ಟರೆ ಹೊಗೆಯೂ ಕಡಿಮೆ, ಪಿಸ್ಟನ್ನೂ ಉಳಿಯುತ್ತೆ. ದಂಡ ಹಾಕೋದಕ್ಕಿಂತ ಇದು ಕಷ್ಟದ ಕೆಲಸ, ಅದಕ್ಕೇ ಯಾರೂ ಮಾಡ್ತಿಲ್ಲ.

ನನ್ನ ಕ್ಲಚ್ ಕೇಬಲ್ ಹತ್ತು ನಿಮಿಷದಲ್ಲಿ ಆಯ್ತು. ಹೊರಡುವಾಗ ನಾನೇ ಬಾಯಿಬಿಟ್ಟು, ‘ಆ ಜಾಲರಿ ತೊಳೆದು ಹಾಕಿ ಕೊಡ್ರಿ, ಬೆಂಕಿ ಹತ್ತುತ್ತೆ’ ಅಂದೆ. ಮೆಕ್ಯಾನಿಕ್ ನಕ್ಕ. ಟವೆಲ್‌ನವನು ನಗಲಿಲ್ಲ. ‘ಹಾಕ್ರಿ ಅಣ್ಣಾ, ಹೋದ ವರ್ಷ ಬಣವಿ ಸುಟ್ಟಿದ್ದು ನಂದಽ’ ಅಂದ.