ಎಂಜಿನಿನ ಸಂಕೇತಗಳೂ ಬಹುಮಾಪಕದ ಚರಿತ್ರೆಯೂ

ಮೋಟಾರು ಬಂಡಿಯ ಎಂಜಿನಿನಲ್ಲಿ ಅಳವಟ್ಟಿರುವ ಸಂವೇದಕಗಳನ್ನು ಮಲ್ಟಿಮೀಟರಿನಿಂದ, ಎಂದರೆ ಬಹುಮಾಪಕದಿಂದ, ಪರೀಕ್ಷಿಸುವ ವಿದ್ಯೆಯು ಗಣಕಯಂತ್ರದೊಡನೆ ಹುಟ್ಟಿದ ಹೊಸ ವಿದ್ಯೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾಪಕದ ಸಂಗತಿ. ವಿದ್ಯುತ್ಪ್ರವಾಹವು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂದು ಡೆನ್ಮಾರ್ಕಿನ ಅರ್ಸ್ಟೆಡ್ಡನು ೧೮೨೦ರಲ್ಲಿ ಪ್ರಕಟಿಸಿದನು. ಒತ್ತಡ, ಪ್ರವಾಹ, ನಿರೋಧ ಇವುಗಳ ಪರಸ್ಪರ ಸಂಬಂಧವನ್ನು ಜರ್ಮನಿಯ ಓಮನು ೧೮೨೭ರಲ್ಲಿ ನಿರೂಪಿಸಿದನು. ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ 'ಆವೋ' ಮಾಪಕವು ೧೯೨೩ರಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ಕಲ್ಪಿಸಿದ ಡೊನಾಲ್ಡ್ ಮೆಕಾಡಿಯು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರು. ತಂತಿಗಳನ್ನು ನೋಡಿಕೊಳ್ಳುವವನು ಹಲವು ಮಾಪಕಗಳನ್ನು ಹೊರಬೇಕಾಗಿದ್ದ ಕಷ್ಟವೇ ಅದರ ಹುಟ್ಟಿಗೆ ಕಾರಣ; ಮೋಟಾರು ಬಂಡಿಯಲ್ಲ.

ಇನ್ನು ಸಂವೇದಕಗಳು. ಕಾದಂತೆ ಬೆಳ್ಳಿಯ ಸಲ್ಫೈಡಿನ ನಿರೋಧವು ಇಳಿಯುವುದನ್ನು ಫ್ಯಾರಡೆಯು ೧೮೩೩ರಲ್ಲಿಯೇ ಕಂಡಿದ್ದನು. ಎಂಜಿನನ್ನು ತಣಿಸುವ ನೀರಿನ ಉಷ್ಣತೆಯನ್ನು ತಿಳಿಸುವ ಸಂವೇದಕವು ಈ ಗುಣವನ್ನೇ ಅವಲಂಬಿಸಿದೆ: ಬಾಷ್ ಮಾದರಿಯೊಂದರಲ್ಲಿ ೨೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು ೨,೫೦೦ ಓಂ ಇರುವ ನಿರೋಧವು ೮೦ ಡಿಗ್ರಿಯಲ್ಲಿ ಸುಮಾರು ೩೦೦ ಓಮಿಗೆ ಇಳಿಯುತ್ತದೆ. ಕ್ರ್ಯಾಂಕಿನ ಸುತ್ತನ್ನು ಎಣಿಸುವ ಸುರುಳಿಯು ಫ್ಯಾರಡೆಯ ೧೮೩೧ರ ಪ್ರೇರಣತತ್ತ್ವಕ್ಕೂ, ಹಾಲ್ ಸಂವೇದಕವು ಎಡ್ವಿನ್ ಹಾಲನು ೧೮೭೯ರಲ್ಲಿ ಕಂಡ ಪರಿಣಾಮಕ್ಕೂ, ಹೊಗೆಯಲ್ಲಿನ ಆಮ್ಲಜನಕವನ್ನು ತಿಳಿಸುವ ಸಂವೇದಕವು ನರ್ನ್‌ಸ್ಟನ ೧೮೮೯ರ ಸಮೀಕರಣಕ್ಕೂ ಋಣಿಯಾಗಿವೆ. ಇವು ಎಂಜಿನನ್ನು ಸೇರಿದ್ದು ಮಾತ್ರ ತಡವಾಗಿ. ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನಕ್ರಮವು ೧೯೬೭ರಲ್ಲಿ ಫೋಕ್ಸ್‌ವಾಗನ್ ಬಂಡಿಗಳಲ್ಲಿಯೂ, ಆಮ್ಲಜನಕ ಸಂವೇದಕವು ೧೯೭೬ರಲ್ಲಿ ವೋಲ್ವೊ ಬಂಡಿಗಳಲ್ಲಿಯೂ ಬಳಕೆಗೆ ಬಂದವು.

ಹೀಗೆ ತತ್ತ್ವವೂ ಹಳೆಯದು, ಉಪಕರಣವೂ ಹಳೆಯದು. ಹಾಗಾದರೆ ಹೊಸದೇನು? ನಮ್ಮ ಅಭಿಪ್ರಾಯದಲ್ಲಿ ಹೊಸದಾದದ್ದು ಅಳೆಯುವವನ ಎಚ್ಚರ. ಮುಳ್ಳಿನ ಮಾಪಕವು ತನ್ನ ಮುಳ್ಳನ್ನು ತಿರುಗಿಸಲು ಬೇಕಾದ ಪ್ರವಾಹವನ್ನು ಅಳೆಯಲ್ಪಡುವ ವಸ್ತುವಿನಿಂದಲೇ ಪಡೆಯುತ್ತದೆ. ಆಮ್ಲಜನಕ ಸಂವೇದಕದ ಒತ್ತಡವು ಸುಮಾರು ೦.೧ರಿಂದ ೦.೯ ವೋಲ್ಟು, ೦.೪೫ಕ್ಕೆ ಮೇಲಿದ್ದರೆ ಮಿಶ್ರಣದಲ್ಲಿ ಇಂಧನ ಹೆಚ್ಚು, ಕೆಳಗಿದ್ದರೆ ಕಡಮೆ. ಸಂವೇದಕದ ಒಳನಿರೋಧ ೨೦,೦೦೦ ಓಂ, ಮಾಪಕದ ನಿರೋಧವೂ ಅಷ್ಟೇ ಎಂದಿಟ್ಟುಕೊಳ್ಳೋಣ. ಆಗ ೦.೮ ವೋಲ್ಟು ೦.೪ ಎಂದು ಕಾಣುವುದು. ಇಂಧನ ಹೆಚ್ಚಿರುವ ಮಿಶ್ರಣವು ಕಡಮೆಯದೆಂದು ತೋರುವುದು. ಅಷ್ಟೇ ಅಲ್ಲ, ಅದೇ ತಂತಿಯನ್ನು ಓದುತ್ತಿರುವ ನಿಯಂತ್ರಕವೂ ಮೋಸಹೋಗಿ ಇನ್ನಷ್ಟು ಇಂಧನವನ್ನು ಸುರಿಯುವುದು. ಪರೀಕ್ಷೆಯೇ ಎಂಜಿನನ್ನು ಕೆಡಿಸಿದಂತಾಯಿತು. ಒಂದು ಕೋಟಿ ಓಂ ನಿರೋಧವುಳ್ಳ ಅಂಕಮಾಪಕದಲ್ಲಿ ಇದೇ ದೋಷವು ಶೇಕಡ ೦.೨ಕ್ಕೆ ಇಳಿಯುತ್ತದೆ. ಅಂತಹ ನಿರೋಧವು ನಿರ್ವಾತನಳಿಕೆಯ ಮಾಪಕಗಳಲ್ಲಿ ಮೊದಲೇ ಇದ್ದಿತು; ಆದರೆ ಫ್ಲೂಕ್ ಸಂಸ್ಥೆಯ ೮೦೨೦ಎ ಎಂಬ ಮಾಪಕವು ೧೯೭೭ರಲ್ಲಿ ಅದನ್ನು ಅಂಗೈಗೆ ತಂದಿತು. ಸಂವೇದಕವು ಬಂದ ಮರುವರ್ಷವೇ ಇದು ನಡೆದುದು ಗಮನಾರ್ಹ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಆಧಾರವಿಲ್ಲ.

ಅಂಕಮಾಪಕಕ್ಕೂ ಎಲ್ಲೆಯುಂಟು. ಅರವತ್ತು ಹಲ್ಲುಗಳ ಸ್ಥಾನದಲ್ಲಿ ಎರಡನ್ನು ಬಿಟ್ಟ ಕ್ರ್ಯಾಂಕ್ ಚಕ್ರವು ನಿಮಿಷಕ್ಕೆ ೩,೦೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೨,೯೦೦ ಮಿಡಿತಗಳು ಹುಟ್ಟುತ್ತವೆ. ಸೆಕೆಂಡಿಗೆ ಕೆಲವೇ ಬಾರಿ ಅಂಕೆಯನ್ನು ಬದಲಿಸುವ ಮಾಪಕವು ಇವುಗಳ ಸರಾಸರಿಯಂತಹ ಒಂದು ಬೆಲೆಯನ್ನು ತೋರಿಸಬಲ್ಲುದೇ ಹೊರತು ಮುರಿದ ಹಲ್ಲೊಂದನ್ನು ತೋರಿಸಲಾರದು. ಅದಕ್ಕೆ ಬ್ರೌನನು ೧೮೯೭ರಲ್ಲಿ ರಚಿಸಿದ ಕ್ಯಾಥೋಡ್ ಕಿರಣನಳಿಕೆಯ ವಂಶದ ಆಸಿಲೊಸ್ಕೋಪೇ ಬೇಕು.

ತಾಳೆಗರಿಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಈ ಸಂಗತಿಯು ಅಪರಿಚಿತವಲ್ಲ. ಮೂಲವನ್ನು ತಿದ್ದುವ ಲಿಪಿಕಾರನೂ ಉಂಟು, ಸೂಕ್ಷ್ಮವನ್ನು ಕಾಣದೆ ದಾಟುವವನೂ ಉಂಟು. ಹಳೆಯ ಮುಳ್ಳಿನ ಮಾಪಕವು ಮೊದಲನೆಯವನಂತೆ, ಹೊಸ ಅಂಕಮಾಪಕವು ಎರಡನೆಯವನಂತೆ. ಪಾಠವನ್ನು ಅಂಗೀಕರಿಸುವುದಕ್ಕೆ ಮುನ್ನ ಪ್ರತಿಯ ಸ್ವಭಾವವನ್ನು ಅರಿಯಬೇಕೆಂಬ ನಿಯಮವು ಇಲ್ಲಿಯೂ ಸಲ್ಲುತ್ತದೆ.